ಹೊಸ ಗುಮಾಸ್ತನ ಕೈಗೆ ಕೀಲಿಕೈ

ಈ ಸಂಚಿಕೆಯಲ್ಲಿ ತರುಣರಿಗಾಗಿ ಏನಾದರೂ ಬರೆದುಕೊಡಿ ಎಂದು ಸಂಪಾದಕರು ಕೇಳಿದ್ದಾರೆ. ನನ್ನ ವಯಸ್ಸಿನವರಿಂದ ಇಂಥ ಪುಟಗಳಿಗೆ ಸಾಮಾನ್ಯವಾಗಿ ಏನು ಬರುತ್ತದೆ ಎಂಬುದು ನಿಮಗೂ ಗೊತ್ತು, ನನಗೂ ಗೊತ್ತು. ಊರಿನ ಮಳೆಗಾಲ, ಅಜ್ಜಿಯ ಪತ್ರೊಡೆ, ಹಗಲು ಹೊಟೇಲಿನಲ್ಲಿ ದುಡಿದು ರಾತ್ರಿ ಶಾಲೆಯಲ್ಲಿ ಓದಿದವರ ಸಾಹಸ. ಅವೆಲ್ಲ ಒಳ್ಳೆಯವೇ, ಬರೆಯಬೇಕಾದವೇ. ಆದರೆ ಸಂಘದ ಕಾರ್ಯಕ್ರಮ ಮುಗಿದು ಊಟದ ಸಾಲಿನಲ್ಲಿ ನಿಂತಾಗ ಈಚೆಗೆ ನಿಮ್ಮ ಬಾಯಿಂದ ನಾನು ಕೇಳುತ್ತಿರುವುದು ಬೇರೆಯೇ ಮಾತು. "ಅಂಕಲ್, ನಮ್ಮ ಆಫೀಸಿಗೆ ಎ.ಐ. ಬರುತ್ತದಂತೆ. ಮುಂದೆ ನಮ್ಮ ಗತಿ ಏನು?" ತಟ್ಟೆಯಲ್ಲಿ ಪಾಯಸ ಬಿದ್ದ ಕೂಡಲೇ ಮಾತು ಬೇರೆ ಕಡೆಗೆ ಹೊರಳುತ್ತದೆ. ಅಲ್ಲಿ ಅರ್ಧಕ್ಕೆ ನಿಂತ ಮಾತನ್ನು ಇಲ್ಲಿ ಪೂರ್ತಿ ಮಾಡೋಣವೆಂದುಕೊಂಡಿದ್ದೇನೆ.

ನಾನು ಎಂಜಿನಿಯರ್ ಅಲ್ಲ, ಲೆಕ್ಕದ ಮನುಷ್ಯ. ಕೃತಕ ಬುದ್ಧಿ ಒಳಗೆ ಹೇಗೆ ಓಡುತ್ತದೆ ಎಂಬುದನ್ನು ನಿಮ್ಮಲ್ಲಿ ಅನೇಕರು ನನಗಿಂತ ಚೆನ್ನಾಗಿ ಬಲ್ಲಿರಿ. ಆದರೆ ಮನುಷ್ಯರು ಮಾಡುತ್ತಿದ್ದ ಕೆಲಸದ ನಡುವೆ ಯಂತ್ರವೊಂದು ಬಂದು ಕುಳಿತುಕೊಳ್ಳುವುದನ್ನು ನಾನು ಎರಡು ಸಲ ಹತ್ತಿರದಿಂದ ನೋಡಿದ್ದೇನೆ. ಮೊದಲನೆಯದು ಬ್ಯಾಂಕಿನಲ್ಲಿ, ಇಪ್ಪತ್ತೆರಡರ ವಯಸ್ಸಿನಲ್ಲಿ. ಎರಡನೆಯದು ಅರುವತ್ತು ದಾಟಿದ ಮೇಲೆ, ಔಷಧ ವಿತರಣೆಯ ಒಂದು ಖಾಸಗಿ ಕಂಪೆನಿಯಲ್ಲಿ. ನಡುವೆ ನಲುವತ್ತು ವರ್ಷ ಕಳೆದಿದ್ದರೂ ಎರಡೂ ಕಡೆ ಜನ ಕೇಳಿದ ಪ್ರಶ್ನೆ ಒಂದೇ.

1984ರಲ್ಲಿ ನಾನು ಕೋಟೆ ಪ್ರದೇಶದ, ಅಂದರೆ ನೀವು ಫೋರ್ಟ್ ಎನ್ನುವ ಜಾಗದ, ಒಂದು ಬ್ಯಾಂಕ್ ಶಾಖೆಗೆ ಗುಮಾಸ್ತನಾಗಿ ಸೇರಿದೆ. ದಕ್ಷಿಣ ಕನ್ನಡದಲ್ಲಿ ಹುಟ್ಟಿದ ಬ್ಯಾಂಕುಗಳ ಮುಂಬಯಿ ಶಾಖೆಗಳಲ್ಲಿ ಕೌಂಟರಿನ ಆಚೆಗೂ ಈಚೆಗೂ ನಮ್ಮವರೇ ಇರುತ್ತಿದ್ದ ಕಾಲ ಅದು. ಆ ಪೈಕಿ ವಿಜಯಾ ಬ್ಯಾಂಕು 2019ರಲ್ಲಿ, ಸಿಂಡಿಕೇಟ್ ಮತ್ತು ಕಾರ್ಪೊರೇಶನ್ ಬ್ಯಾಂಕುಗಳು 2020ರಲ್ಲಿ ಬೇರೆ ಬ್ಯಾಂಕುಗಳಲ್ಲಿ ವಿಲೀನವಾಗಿ ಈಗ ಹೆಸರೂ ಉಳಿದಿಲ್ಲ. ನಿಮ್ಮ ತಂದೆಯವರ ಹಳೆಯ ಪಾಸ್‌ಬುಕ್ಕುಗಳಲ್ಲಿ ಆ ಮೊಹರುಗಳು ಸಿಗಬಹುದು.

ಆಗಿನ ಕೆಲಸ ಹೇಗಿತ್ತೆಂದು ಹೇಳಿದರೆ ನಿಮಗೆ ನಗು ಬಂದೀತು. ಒಂದೊಂದು ಲೆಡ್ಜರನ್ನು ಎತ್ತಲು ಎರಡು ಕೈ ಬೇಕು. ಗಿರಾಕಿ ಚೆಕ್ಕು ಕೊಟ್ಟರೆ ಅವನಿಗೆ ಹಿತ್ತಾಳೆಯ ಟೋಕನ್. ಚೆಕ್ಕು ಲೆಡ್ಜರಿಗೆ ಹೋಗಿ, ಅಲ್ಲಿ ಖರ್ಚು ಬಿದ್ದು, ಅಧಿಕಾರಿಯ ಸಹಿಯಾಗಿ, ಕ್ಯಾಶಿಯರನ ಕಿಟಕಿ ತಲುಪುವಷ್ಟರಲ್ಲಿ ಆ ಗಿರಾಕಿ ಹೊರಗೆ ಹೋಗಿ ಚಹಾ ಕುಡಿದು ಬರುತ್ತಿದ್ದ. ಉಳಿತಾಯ ಖಾತೆಯ ಬಡ್ಡಿಯನ್ನು ಪ್ರತಿ ತಿಂಗಳ 10ನೇ ತಾರೀಕಿನಿಂದ ಕೊನೆಯ ದಿನದವರೆಗಿನ ಕನಿಷ್ಠ ಬಾಕಿಯ ಮೇಲೆ ಕೈಯಿಂದಲೇ ಲೆಕ್ಕ ಹಾಕಬೇಕು. ಬ್ಯಾಂಕುಗಳ ವರ್ಷ ಮುಗಿಯುತ್ತಿದ್ದುದು ಡಿಸೆಂಬರ್ 31ಕ್ಕೆ. ಊರೆಲ್ಲ ಹೊಸ ವರ್ಷ ಆಚರಿಸುವ ರಾತ್ರಿ ನಾವು ಲೆಡ್ಜರಿನ ಮೊತ್ತ ಕೂಡಿಸುತ್ತಿದ್ದೆವು. ಮೊತ್ತ ತಾಳೆಯಾಗದಿದ್ದರೆ ಹಿರಿಯ ಗುಮಾಸ್ತರು ಮೊದಲು ನೋಡುತ್ತಿದ್ದುದು, ವ್ಯತ್ಯಾಸವು 9ರಿಂದ ಭಾಗವಾಗುತ್ತದೆಯೇ ಎಂದು. ಭಾಗವಾದರೆ ಯಾರೋ ಎರಡು ಅಂಕಿಗಳನ್ನು ಅದಲು ಬದಲು ಮಾಡಿದ್ದಾರೆ, 54 ಬರೆಯುವಲ್ಲಿ 45 ಬರೆದಿದ್ದಾರೆ ಎಂದು ಅರ್ಥ. ಪುಸ್ತಕದಲ್ಲಿ ಓದಿದ ಜಾಣತನವಲ್ಲ ಅದು. ಮನುಷ್ಯನ ಕೈ ಎಲ್ಲಿ ಸೋಲುತ್ತದೆ ಎಂದು ಬಲ್ಲವರ ಜಾಣತನ. ಈ ಮಾತು ಮುಂದೆ ಬೇಕಾಗುತ್ತದೆ.

ನಾನು ಸೇರುವ ಹೊತ್ತಿಗೆ ಗಣಕಯಂತ್ರದ ಮಾತು ಶುರುವಾಗಿತ್ತು. ಅದಕ್ಕೂ ಮೊದಲು, ಅರುವತ್ತರ ದಶಕದಲ್ಲಿಯೇ, ಕಲ್ಕತ್ತೆಯಲ್ಲಿ ಜೀವವಿಮಾ ನಿಗಮದ ನೌಕರರು ಗಣಕಯಂತ್ರ ಬರಬಾರದೆಂದು ಹೋರಾಟ ಹೂಡಿದ್ದರು. ಬ್ಯಾಂಕುಗಳಲ್ಲಿ 1983ರಲ್ಲಿ ಆಡಳಿತ ವರ್ಗಕ್ಕೂ ನೌಕರರ ಸಂಘಗಳಿಗೂ ಒಂದು ಒಪ್ಪಂದವಾಯಿತು: ಯಂತ್ರ ಬರಲಿ, ಆದರೆ ಮಿತಿಯಲ್ಲಿ ಬರಲಿ. ಡಾ. ಸಿ. ರಂಗರಾಜನ್ ಅವರ ಸಮಿತಿ 1984ರಲ್ಲಿ ವರದಿ ಕೊಟ್ಟಿತು. 1993ರಲ್ಲಿ ಇನ್ನೊಂದು ಒಪ್ಪಂದವಾಗಿ ಬಾಗಿಲು ಇನ್ನಷ್ಟು ತೆರೆಯಿತು. ಹೀಗೆ ಬಾಗಿಲು ಪೂರ್ತಿ ತೆರೆಯಲು ಇಪ್ಪತ್ತು ವರ್ಷವೇ ಹಿಡಿಯಿತು. ಈ ನಿಧಾನಕ್ಕಾಗಿ ಆಗ ಎಲ್ಲರೂ ನಮ್ಮನ್ನು ಬೈದರು. ಪತ್ರಿಕೆಗಳು ಬೈದವು, ಗಿರಾಕಿಗಳು ಬೈದರು, ನನ್ನ ಭಾವನವರು ಪ್ರತಿ ಗಣೇಶೋತ್ಸವಕ್ಕೂ ಬೈದರು. ಬೈಗುಳದಲ್ಲಿ ಸತ್ಯವಿರಲಿಲ್ಲ ಎನ್ನಲಾರೆ. ಆದರೆ ಆ ನಿಧಾನದಲ್ಲಿ ಒಂದು ಕೆಲಸ ಚೊಕ್ಕವಾಗಿ ಆಯಿತು. ಅದನ್ನು ಯಾರೂ ಬರೆದಿಟ್ಟಂತೆ ಕಾಣುವುದಿಲ್ಲ.

ನಮ್ಮ ಶಾಖೆಗೆ ಮೊದಲು ಬಂದದ್ದು ಲೆಡ್ಜರ್ ಪೋಸ್ಟಿಂಗ್ ಯಂತ್ರ. ಅದು ಬಂದ ದಿನವೇ ಲೆಡ್ಜರುಗಳನ್ನು ಮುಚ್ಚಲಿಲ್ಲ. ತಿಂಗಳುಗಟ್ಟಲೆ ಕೈಬರಹದ ಲೆಡ್ಜರೂ ನಡೆಯಿತು, ಯಂತ್ರವೂ ನಡೆಯಿತು. ಸಂಜೆ ಎರಡರ ಬಾಕಿಯನ್ನೂ ತಾಳೆ ನೋಡುವುದು. ದುಪ್ಪಟ್ಟು ಕೆಲಸ, ಎಲ್ಲರಿಗೂ ಗೊಣಗಾಟ. ಆದರೆ ಆ ತಾಳೆಯ ಅವಧಿಯಲ್ಲಿ ಎರಡು ಸಂಗತಿಗಳು ಬೆಳಕಿಗೆ ಬಂದವು. ಒಂದು, ಯಂತ್ರಕ್ಕೆ ತುಂಬಿದ ಹಳೆಯ ಬಾಕಿಗಳಲ್ಲೇ ತಪ್ಪುಗಳಿದ್ದವು. ವರ್ಷಗಳಿಂದ ಯಾರೂ ಎತ್ತಿ ನೋಡದ ಖಾತೆಗಳು. ಇನ್ನೊಂದು, ಲೆಡ್ಜರಿನ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದ ಟಿಪ್ಪಣಿಗಳು. "ಇವರ ಸಹಿ ಕೈ ನಡುಗುತ್ತದೆ, ಮುಖ ನೋಡಿ ಕೊಡುವುದು." "ಈ ಖಾತೆಯ ಚೆಕ್ಕಿಗೆ ಅಣ್ಣನಿಗೆ ಫೋನು ಮಾಡುವುದು." ಯಂತ್ರದ ಪರದೆಯಲ್ಲಿ ಇವಕ್ಕೆ ಜಾಗವೇ ಇರಲಿಲ್ಲ. ತಾಳೆ ನೋಡದೆ ಲೆಡ್ಜರು ಮುಚ್ಚಿದ್ದರೆ ಆ ಪೆನ್ಸಿಲ್ ಬರಹಗಳು ರದ್ದಿಗೆ ಹೋಗುತ್ತಿದ್ದವು, ಅವುಗಳ ಜೊತೆಗೆ ಶಾಖೆಯ ಅರ್ಧ ತಿಳುವಳಿಕೆಯೂ.

2000–01ರಲ್ಲಿ ಸರಕಾರಿ ಬ್ಯಾಂಕುಗಳು ಸ್ವಯಂ ನಿವೃತ್ತಿ ಯೋಜನೆ ತಂದಾಗ ಸುಮಾರು ಒಂದು ಲಕ್ಷ ಜನ ಹೊರಗೆ ಬಂದರು. ಅವರಲ್ಲಿ ನಾನೂ ಒಬ್ಬ. ಆಮೇಲೆ ಸೇರಿದ್ದು ನಾನು ಹೇಳಿದ ಔಷಧದ ಕಂಪೆನಿ.

ಅಲ್ಲಿ 2023ರಲ್ಲಿ ಎರಡು ಬದಲಾವಣೆಗಳು ಒಟ್ಟಿಗೆ ಬಂದವು. ಮಸ್ಜಿದ್ ಬಂದರ್, ಪುಣೆ, ನಾಸಿಕ ಈ ಮೂರು ಕಡೆ ಹಂಚಿದ್ದ ಬಿಲ್ಲಿನ ವಿಭಾಗಗಳನ್ನು ಠಾಣೆಯ ಒಂದೇ ಕಚೇರಿಗೆ ತರುವುದು ಒಂದು. ಸರಬರಾಜುದಾರರ ಬಿಲ್ಲುಗಳನ್ನು ಓದಿ ಲೆಕ್ಕಕ್ಕೆ ಏರಿಸುವ ಕೆಲಸವನ್ನು ಕೃತಕ ಬುದ್ಧಿಗೆ ಒಪ್ಪಿಸುವುದು ಇನ್ನೊಂದು. ದೊಡ್ಡ ಸೇಠರಿಗೆ ಮೊದಲನೆಯದು ಬೇಕಾಗಿತ್ತು, ಅವರ ಮಗನಿಗೆ ಎರಡನೆಯದು. ಒಂದೇ ಖರ್ಚಿನಲ್ಲಿ, ಒಂದೇ ತಾರೀಕಿಗೆ ಎರಡನ್ನೂ ಮುಗಿಸೋಣ ಎಂಬುದು ಮಗನ ಲೆಕ್ಕ. ಬುದ್ಧಿವಂತ ಹುಡುಗ, ನಿಮ್ಮ ವಯಸ್ಸಿನವನೇ. ನಾನು ಅವನಿಗೆ ಹೇಳಿದ್ದು ಇಷ್ಟೆ: ಮನೆ ಬದಲಾಯಿಸುವ ವಾರವೇ ಅಡುಗೆಯವರನ್ನೂ ಬದಲಾಯಿಸಿದರೆ, ಸಾರು ಕೆಟ್ಟದ್ದು ನೀರಿನಿಂದಲೋ ಒಲೆಯಿಂದಲೋ ಅಡುಗೆಯವನಿಂದಲೋ ತಿಳಿಯುವುದಿಲ್ಲ. ಎರಡು ಬದಲಾವಣೆಗಳನ್ನು ಒಟ್ಟಿಗೆ ಮಾಡಿದರೆ ಏನಾದರೂ ಎಡವಟ್ಟಾದಾಗ ಕಾರಣ ಹುಡುಕಲು ಆಗುವುದಿಲ್ಲ, ಒಬ್ಬರ ಮೇಲೊಬ್ಬರು ಹೊರೆ ಹಾಕಲು ಮಾತ್ರ ಆಗುತ್ತದೆ. ಅವನಿಗೆ ಸಮಾಧಾನವಾಗಲಿಲ್ಲ. ಆದರೂ ಮೊದಲು ಕಚೇರಿಗಳನ್ನು ಒಟ್ಟುಗೂಡಿಸಿ, ಮೂರೂ ಕಡೆಯ ರೀತಿಗಳನ್ನು ಒಂದೇ ರೀತಿಗೆ ತಂದು, ಆಮೇಲೆ ಯಂತ್ರ ಎಂದು ತೀರ್ಮಾನವಾಯಿತು. ಇದಕ್ಕೆ ಐದು ತಿಂಗಳು ಹಿಡಿಯಿತು. ಪುಣೆಯವರು ಬಿಲ್ಲಿನ ತಾರೀಕು ಬರೆಯುತ್ತಿದ್ದರು, ನಾಸಿಕದವರು ಮಾಲು ತಲಪಿದ ತಾರೀಕು. ಮಸ್ಜಿದ್ ಬಂದರಿನವರು ತಮಗೆ ತೋಚಿದ್ದು. ಈ ಗೊಂದಲವನ್ನು ಹಾಗೆಯೇ ಯಂತ್ರಕ್ಕೆ ಕಲಿಸಿದ್ದರೆ ಅದು ಗೊಂದಲವನ್ನೇ ಬಲು ಚುರುಕಾಗಿ ಮಾಡಿಕೊಡುತ್ತಿತ್ತು.

ಯಂತ್ರ ಕೊಳ್ಳುವ ಮೊದಲು ಎರಡು ವಾರ ಎಲ್ಲರಿಗೂ ಒಂದೊಂದು ಶಾಲೆಯ ನೋಟುಪುಸ್ತಕ ಕೊಟ್ಟೆವು. ಕೈಗೆ ಬಂದ ಪ್ರತಿ ಬಿಲ್ಲಿಗೂ ಒಂದು ಸಾಲು: ಸಲೀಸಾಗಿ ಹೋಯಿತೇ? ಇಲ್ಲವಾದರೆ ಎಲ್ಲಿ ನಿಂತಿತು? ಯಾರನ್ನು ಕೇಳಬೇಕಾಯಿತು? ದಿನಕ್ಕೆ ಸುಮಾರು 400 ಬಿಲ್ಲು. ಹೆಚ್ಚಿನವು ದೊಡ್ಡ ಕಂಪೆನಿಗಳ ಅಚ್ಚುಕಟ್ಟಾದ ಮುದ್ರಿತ ಬಿಲ್ಲುಗಳು. ಅವನ್ನು ಕಣ್ಣು ಮುಚ್ಚಿಯೂ ಏರಿಸಬಹುದು. ದಿನದ ಹೊತ್ತೆಲ್ಲ ತಿನ್ನುತ್ತಿದ್ದುದು ಉಳಿದವು. ಭಿವಂಡಿಯ ಗೋದಾಮಿನಲ್ಲಿ ಹರಿದವು, ಕಾರ್ಬನ್ ಪ್ರತಿಯಲ್ಲಿ ಮಸುಕಾದವು, ವಾಪಸು ಹೋದ ಮಾಲಿನವು, ಒಂದೇ ಮಾಲಿಗೆ ಎರಡು ಸಲ ಬಂದವು. ನಿಮ್ಮ ಕಚೇರಿಯಲ್ಲಿ ಯಾರಾದರೂ ಯಂತ್ರ ತರುವ ಮಾತೆತ್ತಿದರೆ ಈ ನೋಟುಪುಸ್ತಕದ ಕೆಲಸ ಆಗಿದೆಯೇ ಎಂದು ಕೇಳಿ ನೋಡಿ. ಹತ್ತರಲ್ಲಿ ಒಂಬತ್ತು ಕಡೆ ಆಗಿರುವುದಿಲ್ಲ ಎಂದು ನನ್ನ ಅಂದಾಜು.

ಇನ್ನು ಮುಖ್ಯ ವಿಷಯ.

ಬಿಲ್ಲಿನ ವಿಭಾಗದಲ್ಲಿ ಹನ್ನೊಂದು ಮಂದಿ ಇದ್ದರು. ಎಲ್ಲರಿಗೂ ಹಿರಿಯರು ಒಬ್ಬ ಮರಾಠಿ ಹೆಂಗಸು. ನಾವೆಲ್ಲ ಅವರನ್ನು ತಾಈ, ಅಂದರೆ ಅಕ್ಕ, ಎಂದೇ ಕರೆಯುತ್ತಿದ್ದೆವು. ಇಪ್ಪತ್ತಾರು ವರ್ಷದ ಅನುಭವ. ಯಾವ ಸರಬರಾಜುದಾರ ಯಾವ ತಿಂಗಳು ಬಿಲ್ಲು ಉಬ್ಬಿಸುತ್ತಾನೆ ಎಂಬುದು ಅವರ ನಾಲಗೆಯ ತುದಿಯಲ್ಲಿ. ಯಂತ್ರಕ್ಕೆ ಕಲಿಸಬೇಕಾದ್ದೆಲ್ಲ ಇದ್ದದ್ದು ಅವರ ತಲೆಯಲ್ಲಿ. ನೋಟುಪುಸ್ತಕಗಳನ್ನು ಮುಂದಿಟ್ಟುಕೊಂಡು ಕುಳಿತ ದಿನ ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಕೇಳಿದರು: "ಭಾವೂ, ನನಗೆ ಗೊತ್ತಿರುವುದನ್ನೆಲ್ಲ ನಾನು ಇದಕ್ಕೆ ಹೇಳಿಕೊಟ್ಟ ಮೇಲೆ ನನ್ನನ್ನು ಏನು ಮಾಡುತ್ತೀರಿ?"

ಸಿಟ್ಟಿನಿಂದ ಕೇಳಿದ್ದಲ್ಲ. ಲೆಕ್ಕದವರು ಲೆಕ್ಕ ಕೇಳುವ ಹಾಗೆ ಕೇಳಿದರು. ಈ ಪ್ರಶ್ನೆಗೆ ಸರಿಯಾದ ಉತ್ತರವಿಲ್ಲದೆ ಯಾವ ಕಂಪೆನಿಯೂ ಯಂತ್ರ ತರಬಾರದು ಎಂದು ನಾನು ನಂಬಿದವನು. ಇದು ದಯೆಯ ಮಾತು ಮಾತ್ರವಲ್ಲ. ಹೆದರಿದ ಮನುಷ್ಯ ಪೂರ್ತಿ ಕಲಿಸುವುದಿಲ್ಲ. ಮುಕ್ಕಾಲು ಹೇಳಿ ಕಾಲು ಭಾಗ ತನ್ನಲ್ಲಿ ಇಟ್ಟುಕೊಳ್ಳುತ್ತಾನೆ, ಮತ್ತು ಇಟ್ಟುಕೊಳ್ಳುವ ಹಕ್ಕು ಅವನಿಗಿದೆ. 1983ರಲ್ಲಿ ನಮ್ಮ ಸಂಘಗಳು ಕಾಗದದ ಮೇಲೆ ಒಪ್ಪಂದ ಬೇಕೆಂದು ಹಟ ಹಿಡಿದದ್ದರ ಅರ್ಥ ನನಗೆ ಆ ದಿನ ಇನ್ನೊಮ್ಮೆ ಹೊಳೆಯಿತು. ದೊಡ್ಡ ಸೇಠರ ಬಳಿ ಹೋಗಿ ಬರಹದಲ್ಲಿ ಕೊಡಿ ಎಂದೆ. ಮೂರು ಸಲ ಹೋಗಬೇಕಾಯಿತು. ಕೊನೆಗೆ ಕೊಟ್ಟರು: ಎರಡು ವರ್ಷದವರೆಗೆ ಈ ಹನ್ನೊಂದರಲ್ಲಿ ಯಾರನ್ನೂ ತೆಗೆಯುವುದಿಲ್ಲ, ಸಂಬಳ ಇಳಿಸುವುದಿಲ್ಲ. ತಾಈ ಅದನ್ನು ಓದಿ, ಮಡಚಿ, ಪರ್ಸಿನಲ್ಲಿಟ್ಟುಕೊಂಡು ಮರುದಿನದಿಂದ ಕಲಿಸತೊಡಗಿದರು. ಆ ಕಾಗದದ ಇನ್ನೊಂದು ಮುಖದ ವಿಷಯ ಮುಂದೆ ಹೇಳುತ್ತೇನೆ.

ಮೊದಲ ಮೂರು ತಿಂಗಳು ಯಂತ್ರ ಬರೆದದ್ದನ್ನು ನಾವು ಬಳಸಲೇ ಇಲ್ಲ. ಜನ ತಮ್ಮ ಕೆಲಸ ತಾವು ಮಾಡುವುದು, ಯಂತ್ರ ಅದೇ ಬಿಲ್ಲನ್ನು ಓದಿ ಬೇರೆ ಕಡೆ ಬರೆದಿಡುವುದು, ಸಂಜೆ ತಾಳೆ ನೋಡುವುದು. ಹಳೆಯ ಬ್ಯಾಂಕಿನ ಪದ್ಧತಿಯೇ. ತಪ್ಪುಗಳ ಪಟ್ಟಿ ಬೆಳೆದಂತೆ ನನಗೆ ಒಂದು ಸಂಗತಿ ಸ್ಪಷ್ಟವಾಯಿತು. ಮನುಷ್ಯನ ತಪ್ಪಿಗೆ ಒಂದು ಚಹರೆ ಇರುತ್ತದೆ. ಸಂಜೆಯಾದಂತೆ ಹೆಚ್ಚುತ್ತದೆ, ಅಂಕಿ ಅದಲು ಬದಲಾಗುತ್ತದೆ, 9ರಿಂದ ಭಾಗವಾಗುತ್ತದೆ. ಯಂತ್ರದ ತಪ್ಪಿಗೆ ಅಂಥ ಚಹರೆ ಇಲ್ಲ. ಅದು ತಪ್ಪನ್ನೂ ಅಷ್ಟೇ ಚೆಂದದ ಅಕ್ಷರದಲ್ಲಿ, ಅಷ್ಟೇ ಧೈರ್ಯದಿಂದ ಬರೆಯುತ್ತದೆ. ಒಂದು ಬಿಲ್ಲಿನ ಮೂಲೆ ಹರಿದು ತೆರಿಗೆ ಸಂಖ್ಯೆಯ ಕೊನೆಯ ಮೂರು ಅಕ್ಷರ ಹೋಗಿದ್ದವು. ಯಂತ್ರ ಖಾಲಿ ಬಿಡಲಿಲ್ಲ, ತಾನೇ ಮೂರು ಅಕ್ಷರ ತುಂಬಿ ಮುಂದೆ ಹೋಯಿತು. 03/04/2024 ಎಂದಿದ್ದುದನ್ನು ಅಮೆರಿಕದ ರೀತಿಯಲ್ಲಿ ಮಾರ್ಚ್ 4 ಎಂದು ಓದಿತು. ಏಪ್ರಿಲ್ 3ಕ್ಕೂ ಮಾರ್ಚ್ 4ಕ್ಕೂ ನಡುವೆ ತಿಂಗಳು ಮಾತ್ರ ಬದಲಾಗುವುದಿಲ್ಲ, ಹಣಕಾಸಿನ ವರ್ಷವೇ ಬದಲಾಗುತ್ತದೆ.

ಇದಕ್ಕೆ ಮದ್ದು ಇನ್ನೂ ದೊಡ್ಡ ಬುದ್ಧಿಯಲ್ಲ, ಹಳೆಯ ಗಣಿತ. ಜಿ.ಎಸ್.ಟಿ. ಸಂಖ್ಯೆಯಲ್ಲಿ 15 ಅಕ್ಷರ. ಮೊದಲ ಎರಡು ರಾಜ್ಯದ ಗುರುತು, ಮಹಾರಾಷ್ಟ್ರಕ್ಕೆ 27, ಕರ್ನಾಟಕಕ್ಕೆ 29. ನಡುವೆ ಪ್ಯಾನ್ ಸಂಖ್ಯೆ. ಕಟ್ಟಕಡೆಯದು ಮಿಕ್ಕ ಹದಿನಾಲ್ಕರಿಂದ ಲೆಕ್ಕ ಹಾಕಿ ಬರುವ ಪರೀಕ್ಷೆಯ ಅಕ್ಷರ. ಸಂಖ್ಯೆ ಸರಿಯೋ ತಪ್ಪೋ ಎಂದು ನಾಲ್ಕು ಸಾಲಿನ ಸಾದಾ ಪ್ರೋಗ್ರಾಮು ಹೇಳಬಲ್ಲದು. ಸಾಲುಗಳ ಮೊತ್ತ ಕೂಡಿಸಿದರೆ ಕೆಳಗಿನ ಮೊತ್ತ ಬರುತ್ತದೆಯೇ ಎಂದು ನೋಡಲೂ ಬುದ್ಧಿ ಬೇಡ. ಕೃತಕ ಬುದ್ಧಿ ಓದಲಿ, ಕಾವಲಿಗೆ ದಡ್ಡ ನಿಯಮ ನಿಲ್ಲಲಿ ಎಂದು ಏರ್ಪಾಟು ಮಾಡಿದೆವು. ಚಿಕ್ಕ ಸೇಠನಿಗೆ ಇದು ಹಿಡಿಸಿತು. ಅಲ್ಲಿಂದ ಅವನು ನಮ್ಮ ಕಡೆಯವನಾದ.

ಒಂದು ಬಿಲ್ಲಿನ ಕಥೆಯನ್ನು ನಿಮಗಾಗಿಯೇ ಹೇಳಬೇಕು. ಹುಬ್ಬಳ್ಳಿ ಕಡೆಯಿಂದ ಆಸ್ಪತ್ರೆಯ ಹತ್ತಿ ಒದಗಿಸುವ ಒಬ್ಬ ಸಣ್ಣ ವ್ಯಾಪಾರಿಯ ಬಿಲ್ಲು. ಯಂತ್ರ ಅದನ್ನು ಅಕ್ಷರ ಬಿಡದೆ ಓದಿತ್ತು, ಮೊತ್ತ ಸರಿ, ತೆರಿಗೆ ಸರಿ. ಬಿಲ್ಲಿನ ಹಿಂಬದಿಯಲ್ಲಿ ಲಾರಿಯವನು ಪೆನ್ನಿನಿಂದ ಗೀಚಿದ್ದ: "ಮಳೆಗೆ ನೆನೆದ 4 ಪೆಟ್ಟಿಗೆ ಇಳಿಸಿಲ್ಲ." ಆ ಸಾಲನ್ನು ಯಂತ್ರ ಓದಲಾರದೆ ಬಿಟ್ಟದ್ದಲ್ಲ, ಹಿಂಬದಿಯನ್ನು ಯಾರೂ ಅದಕ್ಕೆ ತೋರಿಸಿರಲಿಲ್ಲ, ತೋರಿಸಿದ್ದರೂ ಬರೆದಿಡಲು ಕಲಮು ಇರಲಿಲ್ಲ. ವಿಭಾಗದಲ್ಲಿ ಡೊಂಬಿವಲಿಯಲ್ಲೇ ಹುಟ್ಟಿ ಬೆಳೆದ ನಮ್ಮವನೊಬ್ಬ ಹುಡುಗನಿದ್ದ. ಕನ್ನಡ ಓದಲು ಬರುತ್ತದೆಂದು ಯಾರಿಗೂ ಹೇಳಿಕೊಂಡವನಲ್ಲ, ಬೇಸಿಗೆಯ ರಜೆಯಲ್ಲಿ ಅಜ್ಜ ಹಟ ಹಿಡಿದು ಕಲಿಸಿದ್ದಂತೆ. ಕೂಡಿಸಿ ಕೂಡಿಸಿ ಓದಿದ. ನಾಲ್ಕು ಪೆಟ್ಟಿಗೆಯ ಹಣ ಉಳಿಯಿತು. ಅದಕ್ಕಿಂತ ಮುಖ್ಯವಾಗಿ ಅಂದಿನಿಂದ ಪ್ರತಿ ಬಿಲ್ಲಿನ ಎರಡೂ ಮುಖದ ಚಿತ್ರ ತೆಗೆಯುವ, ಕೈಬರಹ ಕಂಡರೆ ಮನುಷ್ಯನಿಗೆ ಕಳಿಸುವ ನಿಯಮ ಬಂತು. ಬ್ಯಾಂಕಿನ ಲೆಡ್ಜರಿನ ಪೆನ್ಸಿಲ್ ಟಿಪ್ಪಣಿಯೇ ನಲುವತ್ತು ವರ್ಷದ ಮೇಲೆ ಬಿಲ್ಲಿನ ಬೆನ್ನಿನ ಮೇಲೆ ಕಂಡಂತಾಯಿತು ನನಗೆ.

ಮುಂದಿನ ಹಂತದಲ್ಲಿ ಯಂತ್ರ ಬರೆಯುತ್ತದೆ, ಮನುಷ್ಯ ನೋಡಿ ಒಪ್ಪಿಗೆ ಒತ್ತುತ್ತಾನೆ. ಎಲ್ಲ ಕಂಪೆನಿಗಳೂ ಬಹಳ ಸುರಕ್ಷಿತವೆಂದು ನಂಬುವ ಹಂತ ಇದೇ, ನನ್ನ ಅಭಿಪ್ರಾಯದಲ್ಲಿ ತುಂಬ ಅಪಾಯದ ಹಂತವೂ ಇದೇ. ಮೊದಲ ವಾರ ಎಲ್ಲರೂ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡುತ್ತಾರೆ. ನೂರು ಬಿಲ್ಲು ಸರಿ ಬಂದ ಮೇಲೆ ನೂರೊಂದನೆಯದನ್ನು ಯಾರು ನೋಡುತ್ತಾರೆ? ಬೆರಳು ತಾನಾಗಿ ಒತ್ತುತ್ತದೆ. ಬ್ರಿಟನ್ನಿನ ಮನಶ್ಶಾಸ್ತ್ರಜ್ಞೆ ಲಿಸಾನ್ ಬೇನ್‌ಬ್ರಿಜ್ ಎಂಬವರು ಯಾಂತ್ರೀಕರಣದ ವಿಪರ್ಯಾಸಗಳ ಬಗ್ಗೆ ಒಂದು ಲೇಖನ ಬರೆದರು, ಅದೂ 1983ರಲ್ಲಿಯೇ. ಅವರ ವಾದದ ತಿರುಳು ಹೀಗೆ: ಸುಲಭದ ಕೆಲಸವನ್ನೆಲ್ಲ ಯಂತ್ರಕ್ಕೆ ಕೊಟ್ಟು ಕಷ್ಟದ್ದನ್ನು ಮಾತ್ರ ಮನುಷ್ಯನಿಗೆ ಉಳಿಸುತ್ತೀರಿ, ಆದರೆ ಸುಲಭದ್ದನ್ನು ದಿನವೂ ಮಾಡುತ್ತಿದ್ದುದರಿಂದಲೇ ಅವನಿಗೆ ಕಷ್ಟದ್ದನ್ನು ಮಾಡುವ ಕೈ ಬಂದಿತ್ತು. ಆ ಲೇಖನ ಕಾರ್ಖಾನೆ, ವಿಮಾನಗಳನ್ನು ಕುರಿತದ್ದು. ನಮ್ಮ ಬಿಲ್ಲಿನ ವಿಭಾಗಕ್ಕೆ ಅಳತೆ ತೆಗೆದು ಹೊಲಿದಂತಿದೆ.

ವಿಮಾನ ನಿಲ್ದಾಣಗಳಲ್ಲಿ ಸಾಮಾನು ತಪಾಸಣೆಯ ಪರದೆಯ ಮೇಲೆ ಆಗಾಗ ಇಲ್ಲದ ಆಯುಧದ ಚಿತ್ರವನ್ನು ಬೇಕೆಂದೇ ತೋರಿಸುವ ಪದ್ಧತಿ ಇದೆ, ಕುಳಿತವರು ಎಚ್ಚರವಾಗಿದ್ದಾರೆಯೇ ಎಂದು ನೋಡಲು. ಅದನ್ನೇ ನಾವು ಎರವಲು ತಂದೆವು. ದಿನಕ್ಕೆ ಐದಾರು ತಪ್ಪು ಬಿಲ್ಲುಗಳನ್ನು ತಾಈ ತಾವೇ ತಯಾರಿಸಿ ನಡುವೆ ಸೇರಿಸುತ್ತಿದ್ದರು. ಸಿಕ್ಕಿಬಿದ್ದವರು ಚಹಾ ತರಿಸಬೇಕು. ಅವರ ತಪ್ಪುಗಳು ಎಷ್ಟು ಸೊಗಸಾಗಿರುತ್ತಿದ್ದವೆಂದರೆ ಚಿಕ್ಕ ಸೇಠನೇ ಎರಡು ಸಲ ಚಹಾ ತರಿಸಿದ.

ಆಮೇಲೆ ಯಂತ್ರಕ್ಕೆ ಅಧಿಕಾರ ಕೊಟ್ಟೆವು, ಆದರೆ ಬ್ಯಾಂಕಿನ ರೀತಿಯಲ್ಲಿ. ಬ್ಯಾಂಕಿನಲ್ಲಿ ಎಂಥ ಬುದ್ಧಿವಂತ ಅಧಿಕಾರಿ ಬಂದರೂ ಮೊದಲ ದಿನವೇ ಎಲ್ಲ ಚೆಕ್ಕು ಪಾಸು ಮಾಡುವುದಿಲ್ಲ. ಪಾಸಿಂಗ್ ಪವರ್ ಎಂದು ಅವನಿಗೆ ಒಂದು ಮಿತಿ ಇರುತ್ತದೆ, ಅನುಭವ ಬಂದಂತೆ ಏರುತ್ತದೆ. ಭದ್ರತಾ ಕೊಠಡಿಗೆ ಎರಡು ಕೀಲಿಕೈ, ಇಬ್ಬರ ಬಳಿ. ಮ್ಯಾನೇಜರು ದೇವರಂಥವನಾದರೂ ಒಬ್ಬನೇ ತೆರೆಯಲಾರ. ಯಂತ್ರವನ್ನೂ ಹೊಸ ಗುಮಾಸ್ತನಂತೆ ಕಾಣಬೇಕೆಂದು ನಾನು ವಾದಿಸಿದೆ. ಎರಡು ವರ್ಷದಿಂದ ತಕರಾರಿಲ್ಲದ ಸರಬರಾಜುದಾರರು, ಮುದ್ರಿತ ಬಿಲ್ಲು, 5,000 ರೂಪಾಯಿಯ ಒಳಗೆ, ಇಷ್ಟು ಮಾತ್ರ ಮೊದಲು. ತಿಂಗಳ ತಾಳೆ ಸರಿ ಬಂದರೆ ಮಿತಿ ಏರಿಸುವುದು, ಕೆಟ್ಟರೆ ಇಳಿಸುವುದು. ಇಳಿಸಿದ್ದೂ ಉಂಟು, ಜಿ.ಎಸ್.ಟಿ. ದರಗಳು ಬದಲಾದ 2025ರ ಸೆಪ್ಟೆಂಬರಿನಲ್ಲಿ.

ನಿಮ್ಮಲ್ಲಿ ಕೆಲವರ ಆಫೀಸು ಲೋವರ್ ಪರೇಲಿನ ಹಳೆಯ ಗಿರಣಿಗಳ ಆವರಣದಲ್ಲಿಯೇ ಇದೆ. ಮಗ್ಗಗಳು ಬಡಿದುಕೊಳ್ಳುತ್ತಿದ್ದ ಜಾಗದಲ್ಲಿ ಈಗ ಗಾಜಿನ ಬಾಗಿಲು. ಜಪಾನಿನ ಸಾಕಿಚಿ ಟೊಯೊಡಾ 1924ರಲ್ಲಿ ತಯಾರಿಸಿದ ಸ್ವಯಂಚಾಲಿತ ಮಗ್ಗದ ಹೆಚ್ಚುಗಾರಿಕೆ ವೇಗ ಮಾತ್ರವಲ್ಲ. ನೂಲು ತುಂಡಾದರೆ ಅದು ತಾನಾಗಿ ನಿಲ್ಲುತ್ತಿತ್ತು. ಆಮೇಲೆ ಅವರ ಮನೆತನ ಕಟ್ಟಿದ ಮೋಟಾರು ಕಂಪೆನಿ ಈ ನಿಲ್ಲುವ ಗುಣವನ್ನೇ ತನ್ನ ಕಾರ್ಖಾನೆಗಳ ನಿಯಮವನ್ನಾಗಿ ಮಾಡಿಕೊಂಡಿತು. ಇಂದಿನ ಕೃತಕ ಬುದ್ಧಿಗೆ ನೂಲು ತುಂಡಾದದ್ದು ತಾನಾಗಿ ತಿಳಿಯುವುದಿಲ್ಲ, ಬಟ್ಟೆ ನೇಯುತ್ತಲೇ ಹೋಗುತ್ತದೆ. ನಿಲ್ಲುವುದನ್ನು ಹೊರಗಿನಿಂದ ನಾವು ಜೋಡಿಸಬೇಕು.

ಜೋಡಿಸದೆ ಓಡಿದವರ ಉದಾಹರಣೆಗಳು ಬೇಕಾದಷ್ಟಿವೆ. ಸ್ವೀಡನ್ನಿನ ಕ್ಲಾರ್ನಾ ಕಂಪೆನಿ 2024ರಲ್ಲಿ ತನ್ನ ಎ.ಐ. ಸಹಾಯಕ 700 ಜನರ ಕೆಲಸ ಮಾಡುತ್ತಿದೆ ಎಂದು ಸಾರಿತು. 2025ರಲ್ಲಿ ಅದರ ಮುಖ್ಯಸ್ಥರೇ ಗುಣಮಟ್ಟ ಕುಸಿದದ್ದನ್ನು ಒಪ್ಪಿ ಮತ್ತೆ ಜನರನ್ನು ತೆಗೆದುಕೊಳ್ಳಲು ಹೊರಟರು. ಆಸ್ಟ್ರೇಲಿಯದ ಕಾಮನ್‌ವೆಲ್ತ್ ಬ್ಯಾಂಕು ದನಿಯ ಯಂತ್ರ ತಂದು 45 ಹುದ್ದೆ ತೆಗೆಯಲು ಹೊರಟು, 2025ರ ಆಗಸ್ಟಿನಲ್ಲಿ ಆ ನಿರ್ಧಾರವನ್ನು ಹಿಂತೆಗೆದುಕೊಂಡು ಕ್ಷಮೆ ಕೇಳಿತು. ಏರ್ ಕೆನಡಾದ ಯಂತ್ರ ಪ್ರಯಾಣಿಕರೊಬ್ಬರಿಗೆ ಟಿಕೆಟ್ ರಿಯಾಯಿತಿಯ ಬಗ್ಗೆ ತಪ್ಪು ಮಾಹಿತಿ ಕೊಟ್ಟಿತ್ತು. ಅದು ಹೇಳಿದ್ದಕ್ಕೆ ತಾನು ಹೊಣೆಯಲ್ಲ ಎಂಬ ಕಂಪೆನಿಯ ವಾದವನ್ನು ಕೆನಡಾದ ನ್ಯಾಯಮಂಡಳಿ 2024ರ ಫೆಬ್ರವರಿಯಲ್ಲಿ ತಳ್ಳಿಹಾಕಿತು. ಗುಮಾಸ್ತ ಮಾಡಿದ್ದಕ್ಕೆ ಅಂಗಡಿ ಹೊಣೆ ಎಂಬುದು ನಮ್ಮ ಪೇಟೆಯ ಯಾವ ಕಿರಾಣಿಯವನಿಗೂ ಗೊತ್ತಿರುವ ಕಾನೂನು.

ಈಗ ಆ ಕಾಗದದ ಇನ್ನೊಂದು ಮುಖ. ಹನ್ನೊಂದು ಜನರನ್ನು ತೆಗೆಯುವುದಿಲ್ಲ ಎಂದು ಬರೆದುಕೊಟ್ಟ ಸೇಠರು ಬಾಯಲ್ಲಿ ಇನ್ನೊಂದು ಮಾತು ಹೇಳಿದ್ದರು: ಯಾರಾದರೂ ತಾವಾಗಿ ಬಿಟ್ಟುಹೋದರೆ ಆ ಜಾಗ ತುಂಬುವುದಿಲ್ಲ. ಎರಡು ವರ್ಷದಲ್ಲಿ ನಾಲ್ವರು ಹೋದರು. ಒಬ್ಬಳು ಮದುವೆಯಾಗಿ, ಇಬ್ಬರು ಒಳ್ಳೆಯ ಸಂಬಳಕ್ಕೆ, ಒಬ್ಬರು ನಿವೃತ್ತರಾಗಿ. ನಾಲ್ಕು ಕುರ್ಚಿ ಖಾಲಿಯಾಗಿಯೇ ಉಳಿದವು. ಬ್ಯಾಂಕಿನಲ್ಲಿಯೂ ಆದದ್ದು ಇದೇ. ಇದ್ದವರನ್ನು ಯಾರೂ ಹೊರಗೆ ಹಾಕಲಿಲ್ಲ, ಆದರೆ ಹಲವು ವರ್ಷ ಗುಮಾಸ್ತರ ನೇಮಕ ತೀರ ಕಡಮೆಯಾಯಿತು. ಅಪ್ಪನಿಗೆ ಕೆಲಸ ಉಳಿಯಿತು, ಮಗನಿಗೆ ಬಾಗಿಲು ಮುಚ್ಚಿತು. ಒಪ್ಪಂದಕ್ಕೆ ಸಹಿ ಹಾಕುವಾಗ ಮೇಜಿನ ಎರಡೂ ಕಡೆ ಕುಳಿತವರು ಆಗಲೇ ಕೆಲಸದಲ್ಲಿರುವವರು. ಇನ್ನೂ ಸೇರದವರ ಪರವಾಗಿ ಅಲ್ಲಿ ಯಾರೂ ಕುಳಿತಿರುವುದಿಲ್ಲ. ಆ ಇನ್ನೂ ಸೇರದವರು ಎಂದರೆ ನೀವು.

ನಿಮಗೆ ಇದನ್ನು ಸಕ್ಕರೆ ಹಚ್ಚಿ ಹೇಳುವುದರಲ್ಲಿ ಅರ್ಥವಿಲ್ಲ. ನಿಧಾನವಾಗಿ, ಒಳ್ಳೆಯ ರೀತಿಯಲ್ಲಿ ಯಂತ್ರ ತಂದರೂ ಮೊದಲ ಮೆಟ್ಟಿಲಿನ ಕೆಲಸಗಳು ಕಡಮೆಯಾಗುತ್ತವೆ. ನಮ್ಮ ಕಾಲದಲ್ಲಿ ಡಿಗ್ರಿ ಮುಗಿಸಿದವನು ಬಿಲ್ಲು ಬರೆದು, ವೋಚರ್ ಹೊಲಿದು, ಬೈಸಿಕೊಂಡು ಕಲಿಯುತ್ತಿದ್ದ. ಆ ಮೆಟ್ಟಿಲೇ ಹೋದರೆ ಹತ್ತು ವರ್ಷದ ಮೇಲೆ ತಾಈಯ ಜಾಗದಲ್ಲಿ ಕೂರಲು ಯಾರಿರುತ್ತಾರೆ? ಸೇಠರ ಮುಂದೆ ನಾನು ಈ ಪ್ರಶ್ನೆಯನ್ನು ದಯೆಯ ಪ್ರಶ್ನೆಯಾಗಿ ಇಡಲಿಲ್ಲ, ಖರ್ಚಿನ ಪ್ರಶ್ನೆಯಾಗಿ ಇಟ್ಟೆ. ತಾಈಯ ನಿವೃತ್ತಿಗೆ ಇನ್ನು ಮೂರೇ ವರ್ಷ ಎಂದೆ. ವ್ಯಾಪಾರಿಗೆ ತಾರೀಕು ಬೇಗ ಅರ್ಥವಾಗುತ್ತದೆ. ಖಾಲಿ ನಾಲ್ಕರಲ್ಲಿ ಎರಡನ್ನು ತುಂಬಲು ಒಪ್ಪಿದರು.

ಹೀಗೆ ಹೋದ ವರ್ಷ ಇಬ್ಬರು ಹೊಸಬರು ಬಂದರು, ಒಬ್ಬ ಹುಡುಗ, ಒಬ್ಬ ಹುಡುಗಿ. ಅವರ ಕೆಲಸ ಬಿಲ್ಲು ಏರಿಸುವುದಲ್ಲ, ಯಂತ್ರ ತಡೆದು ನಿಲ್ಲಿಸಿದ್ದನ್ನು ಬಿಡಿಸುವುದು: ಫೋನು ಮಾಡುವುದು, ಗೋದಾಮಿಗೆ ಹೋಗಿ ಪೆಟ್ಟಿಗೆ ಎಣಿಸುವುದು, ಸರಬರಾಜುದಾರನ ಜೊತೆ ಜಗಳವಾಡದೆ ಜಗಳ ಬಗೆಹರಿಸುವುದು. ಆದರೆ ಮೊದಲ ಮೂರು ತಿಂಗಳು ಇಬ್ಬರಿಗೂ ಯಂತ್ರ ಮುಟ್ಟಲು ಬಿಡಲಿಲ್ಲ. ಬಿಲ್ಲು, ಪೆನ್ನು, ರಿಜಿಸ್ಟರು, ಪಕ್ಕದಲ್ಲಿ ತಾಈ. ಹುಡುಗಿ ಮಾತಾಡದೆ ಮಾಡಿದಳು. ಹುಡುಗ ಎರಡನೆಯ ವಾರ ನನ್ನ ಮೇಜಿಗೆ ಬಂದು, ಕ್ಯಾಲ್ಕ್ಯುಲೇಟರ್ ಇರುವಾಗ ಮಗ್ಗಿ ಬಾಯಿಪಾಠ ಮಾಡಿಸುವ ಹಾಗಿದೆ ಸರ್ ಇದು ಎಂದ. ನಾನು ವಾದ ಮಾಡಲಿಲ್ಲ. ಅಂದು ಬೆಳಿಗ್ಗೆ ಯಂತ್ರ ಎರಡು ಸಲ ಬಿಟ್ಟುಕೊಟ್ಟಿದ್ದ ಭಿವಂಡಿಯ ಕಟ್ಟೊಂದನ್ನು ಅವನ ಕೈಗೆ ಕೊಟ್ಟೆ. ಸಂಜೆ ಏಳರವರೆಗೂ ಕುಳಿತು ಒಂದೇ ಮಾಲಿಗೆ ಎರಡು ಸಲ ಬಂದ ಬಿಲ್ಲನ್ನು ಹಿಡಿದ. ಮೊತ್ತ ಬೇರೆ, ತಾರೀಕು ಬೇರೆ, ಔಷಧದ ಬ್ಯಾಚ್ ಸಂಖ್ಯೆ ಮಾತ್ರ ಒಂದೇ. ತಾಈಗೆ ತೋರಿಸಿದ. ಅವರು ಕನ್ನಡಕ ಏರಿಸಿ ನೋಡಿ, ಬ್ಯಾಚ್ ಸಂಖ್ಯೆ ತಾಳೆ ನೋಡುವ ನಿಯಮವನ್ನು ನಾಳೆಯೇ ಯಂತ್ರಕ್ಕೆ ಸೇರಿಸಿ ಎಂದು ನನಗೆ ಹೇಳಿ, ಬ್ಯಾಗು ಎತ್ತಿಕೊಂಡು 7.22ರ ಗಾಡಿಗೆ ಹೊರಟರು.